ಸವಳು ನೀರು, ಕೈಗಾ ಮತ್ತು ಎರಡನೇ ಸಲದ ವಿಚಾರಣೆ

ಸವಳು ಅಂದರೇನು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಮಖಂಡಿ, ಅಥಣಿ, ರಾಯಬಾಗ ಕಡೆ ಕಬ್ಬಿಗೆ ನೀರು ಬಿಟ್ಟು ಬಿಟ್ಟು, ಎರೆಮಣ್ಣಿನ ಮೇಲೆ ಬಿಳಿ ಉಪ್ಪು ಕೂತ ಹೊಲಗಳನ್ನು ನೋಡಿಯೇ ನಾವು ಬೆಳೆದವರು. ನಾನು ವಿಜಯಪುರ ಜಿಲ್ಲೆಯ ಕೊಲ್ಹಾರದ ಕಡೆಯವನು. ಈಗ ಇರುವುದು ಅಮೆರಿಕದ ಫ್ಲೋರಿಡಾದಲ್ಲಿ, ಮಯಾಮಿಯ ದಕ್ಷಿಣಕ್ಕೆ. ಇಲ್ಲಿಯೂ ಸವಳಿನ ಮಾತು ಕೇಳಿಬರುತ್ತದೆ, ಅದೂ ಒಂದು ಅಣುವಿದ್ಯುತ್ ಸ್ಥಾವರದ ಲೈಸನ್ಸ್ ವಿಷಯದಲ್ಲಿ.

ಸ್ಥಾವರದ ಹೆಸರು ಟರ್ಕಿ ಪಾಯಿಂಟ್. ಅದರ ಎರಡು ಅಣು ಘಟಕಗಳು 1972 ಮತ್ತು 1973ರಿಂದ ನಡೆಯುತ್ತಿವೆ. ಬಿಸಿನೀರನ್ನು ತಣಿಸಲು ಸಮುದ್ರದ ಪಕ್ಕದಲ್ಲೇ ಸುಮಾರು 270 ಕಿಲೋಮೀಟರ್ ಉದ್ದದ ಕಾಲುವೆಗಳ ಜಾಲ ತೋಡಿದ್ದಾರೆ. ಕೆಳಗೆ ಸುಣ್ಣಕಲ್ಲು, ಮೈಯೆಲ್ಲಾ ತೂತು. ಬಿಸಿಲಿಗೆ ನೀರು ಆವಿಯಾಗಿ, ಕಾಲುವೆಯ ನೀರು ಸಮುದ್ರಕ್ಕಿಂತ ಜಾಸ್ತಿ ಉಪ್ಪಾಯಿತು, ಉಪ್ಪುನೀರು ಭಾರ, ಅದು ಕೆಳಗಿಳಿದು ನೆಲದೊಳಗೇ ಪಶ್ಚಿಮಕ್ಕೆ ಹರಿಯಿತು. ಆ ಕಡೆ ಇರುವುದು ಬಿಸ್ಕೇನ್ ಅಂತರ್ಜಲ, ಮಯಾಮಿಯ ಜನ ಕುಡಿಯುವ ನೀರು! ಉಪ್ಪು ಕಾಲುವೆಯದ್ದೋ ಸಮುದ್ರದ್ದೋ ಅಂತ ಗೊತ್ತುಮಾಡಲು ಆ ನೀರಿನಲ್ಲಿ ಟ್ರಿಟಿಯಂ (ಅಣುಸ್ಥಾವರದಿಂದ ನೀರಿಗೆ ಸೇರುವ ವಿಕಿರಣಶೀಲ ಜಲಜನಕ) ಎಷ್ಟಿದೆ ಅಂತ ಅಳೆದರು. ಈಗ ಬಾವಿ ತೋಡಿ ಉಪ್ಪುನೀರನ್ನು ಮೇಲೆತ್ತಿ, ಇನ್ನೂ ಆಳದ ಪದರಕ್ಕೆ ಇಳಿಸುತ್ತಿದ್ದಾರೆ. 1972ರಲ್ಲಿ ಅನುಮತಿ ಕೊಟ್ಟವರ ಕಾಗದದಲ್ಲಿ ಇದು ಇಷ್ಟು ದೂರ ಹೋಗುತ್ತದೆ ಅಂತ ಇರಲಿಲ್ಲ. ಐವತ್ತು ವರ್ಷದಲ್ಲಿ ನೆಲ ಬದಲಾಯಿತು.

ಅದಕ್ಕೇ ಇಲ್ಲಿನ ಪದ್ಧತಿ ನನಗೆ ಮುಖ್ಯ ಅನಿಸುತ್ತದೆ. ಮೊದಲ ಲೈಸನ್ಸ್ 40 ವರ್ಷಕ್ಕೆ. ಆಮೇಲೆ 20 ವರ್ಷದಂತೆ ನವೀಕರಣ. ಪ್ರತಿ ನವೀಕರಣಕ್ಕೂ ಯಂತ್ರಗಳ ಸುರಕ್ಷತೆ ಒಂದು ಕಡೆ, ಪರಿಸರದ ಪರಿಶೀಲನೆ ಇನ್ನೊಂದು ಕಡೆ. ನೀರು, ಮೀನು, ಪಕ್ಷಿ, ಅಂತರ್ಜಲ ಎಲ್ಲದರ ಲೆಕ್ಕವೂ ಬೇಕು. (ಈ ಕಾಲುವೆಗಳಲ್ಲಿ ಮೊಸಳೆಗಳೂ ಮರಿ ಮಾಡುತ್ತವೆ, ಅವುಗಳ ಲೆಕ್ಕವೂ ಅದರಲ್ಲಿದೆ. ಕೃಷ್ಣೆಯ ದಂಡೆಯವನಾದ ನನಗೆ ಅದನ್ನು ಓದಿ ಊರು ನೆನಪಾಯಿತು.) 2018ರಲ್ಲಿ ಇಲ್ಲಿನ ಹೋಂಸ್ಟೆಡ್‌ನಲ್ಲಿ ಸಭೆ ನಡೆಯಿತು. ಯಾರು ಬೇಕಾದರೂ ಹೆಸರು ಬರೆಸಿ ಮಾತಾಡಬಹುದಿತ್ತು. ಆಡಿದ ಮಾತೆಲ್ಲ ಬರಹಕ್ಕೆ ಇಳಿಯಿತು. ಜನ ಹೇಳಿದ್ದಕ್ಕೆ ಕೊನೆಯ ವರದಿಯಲ್ಲಿ ಉತ್ತರ ಕೊಡಲೇಬೇಕು.

ಹಾಗಂತ ಇಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. ಎಲ್ಲ ಸ್ಥಾವರಗಳಿಗೂ ಒಂದೇ ಸಾಮಾನ್ಯ ವರದಿಯನ್ನು 1996ರಲ್ಲೇ ಬರೆದಿಟ್ಟಿದ್ದರು, ಬಹಳಷ್ಟು ಪ್ರಶ್ನೆಗೆ ಅದನ್ನೇ ತೋರಿಸಿಬಿಡುತ್ತಾರೆ. 2019ರ ಡಿಸೆಂಬರಿನಲ್ಲಿ ಟರ್ಕಿ ಪಾಯಿಂಟ್‌ಗೆ 80 ವರ್ಷ ನಡೆಸಲು ಒಪ್ಪಿಗೆ ಸಿಕ್ಕಿತು, ದೇಶದಲ್ಲೇ ಮೊದಲು. ಆದರೆ ಆ ಸಾಮಾನ್ಯ ವರದಿ 60 ವರ್ಷದ ತನಕದ ಮಾತು ಮಾತ್ರ ಆಡಿತ್ತು. ಪರಿಸರ ಸಂಘಟನೆಗಳು ಬಿಡದೆ ತಕರಾರು ತೆಗೆದವು. 2022ರ ಫೆಬ್ರವರಿಯಲ್ಲಿ ಇಲ್ಲಿನ ಅಣು ನಿಯಂತ್ರಣ ಆಯೋಗ ತನ್ನದೇ ತೀರ್ಮಾನವನ್ನು ತಿರುಗಿಸಿತು, ಪರಿಸರದ ಪರಿಶೀಲನೆ ಮತ್ತೆ ನಡೆಯಿತು, 2024ರ ಸೆಪ್ಟೆಂಬರಿನಲ್ಲಿ ಆ 80 ವರ್ಷದ ಅವಧಿಯನ್ನು ಮತ್ತೆ ಕೊಟ್ಟರು. ಕೊನೆಗೆ ಉತ್ತರ ಅದೇ ಬಂತಲ್ಲ ಅಂತ ಕೆಲವರು ಕೇಳುತ್ತಾರೆ. ಬಂತು, ನಿಜ. ಆದರೆ ತಪ್ಪು ಕಾಗದದ ಮೇಲೆ ಬರಲಿಲ್ಲ. ನನಗೆ ಅದು ಸಣ್ಣ ಮಾತಲ್ಲ.

ಈಗ ನಮ್ಮ ಕೈಗಾ. ನಾನು ಅಣುವಿದ್ಯುತ್ತಿನ ವಿರೋಧಿಯಲ್ಲ. ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿದಾಗ ಇಲ್ಲಿನ ಗೆಳೆಯರಿಗೆಲ್ಲ ಹೆಮ್ಮೆಯಿಂದ ಹೇಳಿದ್ದೇನೆ. ನಮ್ಮಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಲೈಸನ್ಸ್ ಕೊಡುವುದೇ ಹೆಚ್ಚೆಂದರೆ 5 ವರ್ಷಕ್ಕೆ. 10 ವರ್ಷಕ್ಕೊಮ್ಮೆ ಇಡೀ ಸುರಕ್ಷತೆಯ ಪರಿಶೀಲನೆ. ಸುತ್ತಲಿನ ನೀರು, ಮಣ್ಣು, ಹಾಲು, ಮೀನು ಪರೀಕ್ಷೆಗೆ ಅಲ್ಲೇ ಪ್ರಯೋಗಾಲಯವಿದೆ. ನೋಡುವ ಅವಧಿ ಇಲ್ಲಿಗಿಂತ ನಮ್ಮದೇ ಚಿಕ್ಕದು, ಅದು ಒಳ್ಳೆಯದೇ. ಆದರೆ ಆ ನವೀಕರಣದಲ್ಲಿ ಪಕ್ಕದ ಊರಿನವನಿಗೆ ಕುರ್ಚಿ ಇಲ್ಲ. ಸಾರ್ವಜನಿಕ ಅಹವಾಲು ಸಭೆ ಹೊಸ ಸ್ಥಾವರಕ್ಕೆ, ಇಲ್ಲವೇ ವಿಸ್ತರಣೆಗೆ. 5 ಮತ್ತು 6ನೇ ಘಟಕಕ್ಕೆ 2018ರ ಡಿಸೆಂಬರಿನಲ್ಲಿ ಸಭೆ ಆಯಿತು. 2000ದಲ್ಲಿ ಶುರುವಾದ ಹಳೆಯ ಘಟಕಗಳ ಲೈಸನ್ಸ್ ನವೀಕರಣಕ್ಕೆ ಅಂಥ ಸಭೆ ಇಲ್ಲ.

ಹೋದ ಸಲ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ಇದನ್ನೇ ಕಾಕಾನಿಗೆ ಹೇಳಿದೆ. ನಮ್ಮ ಹೊಲದಿಂದ ಕೂಡಗಿಯ ಕಲ್ಲಿದ್ದಲು ಸ್ಥಾವರದ ಚಿಮಣಿ ಕಾಣುತ್ತದೆ, ಹಾಗಾಗಿ ಕರೆಂಟಿನ ಮಾತು ಕಾಕಾನಿಗೆ ಹೊಸದಲ್ಲ. ಕೇಳಿಸಿಕೊಂಡು, "ಒಮ್ಮೆ ಹೂಂ ಅಂದ ಮ್ಯಾಲ ಮತ್ತ ಯಾರು ಕೇಳ್ತಾರಪಾ ತಮ್ಮಾ?" ಅಂದರು. ಸಿಟ್ಟಿರಲಿಲ್ಲ, ಲೋಕದ ರೀತಿಯೇ ಹಾಗೆ ಅನ್ನುವ ದನಿ. ಆ ದನಿಯೇ ನನ್ನನ್ನು ಕಾಡುತ್ತಿದೆ.

2000ದ ಕಾಳಿ ನದಿ ಈಗಿನ ಕಾಳಿ ಅಲ್ಲ. 2019ರ ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಕೈಗಾ ತಣ್ಣೀರು ತೆಗೆದುಕೊಳ್ಳುವುದು ಅದೇ ಕದ್ರಾ ಜಲಾಶಯದಿಂದ. ಅದೇ ವರ್ಷ ಕೃಷ್ಣೆ, ಘಟಪ್ರಭೆ, ಮಲಪ್ರಭೆ ನಮ್ಮ ಕಡೆ ಏನು ಮಾಡಿದವು ಅಂತ ಗೊತ್ತಿದೆ ಅಲ್ವಾ?

ಕೈಗಾದ ಮುಂದಿನ ನವೀಕರಣಕ್ಕೆ ಮುಂಚೆ ಕಾರವಾರದಲ್ಲೋ ಮಲ್ಲಾಪುರದಲ್ಲೋ ಒಂದು ಸಭೆ ಕರೆಯಲಿ. ನದಿಯ ನೀರಿನ ಬಿಸಿ ಎಷ್ಟು, ಬಾವಿಗಳಲ್ಲಿ ಟ್ರಿಟಿಯಂ ಎಷ್ಟು, ಮೀನು ಎಷ್ಟು ಕಡಿಮೆಯಾಯಿತು ಅಥವಾ ಆಗಲಿಲ್ಲ ಅನ್ನುವುದನ್ನು ಸಭೆಗೆ ಒಂದು ತಿಂಗಳ ಮುಂಚೆಯೇ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ, ಕನ್ನಡದಲ್ಲಿ. ಮೀನು ಹಿಡಿಯುವವರು ಎದ್ದು ಕೇಳಲಿ, ಕೇಳಿದ್ದಕ್ಕೆ ಬರಹದಲ್ಲೇ ಉತ್ತರ ಬರಲಿ.