ಹೆಂಗಸು ಬಿಷಪ್ ಆದರೆ ಐಕ್ಯತೆ ಒಡೆಯುತ್ತಾ?

ಸಾರಾ ಮುಲ್ಲಾಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ (ಆಂಗ್ಲಿಕನ್ನರ ಚರ್ಚ್ ಆಫ್ ಇಂಗ್ಲೆಂಡಿಗೆ ಹಿರಿಯ ಬಿಷಪ್) ಆಗುತ್ತಾರೆ ಅಂತ 2025ರ ಅಕ್ಟೋಬರ್ 3ಕ್ಕೆ ಸುದ್ದಿ ಬಂತಲ್ಲ, ಅವತ್ತಿನಿಂದ ನಮ್ಮ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ರಾಗ. "ಇನ್ನು ಕ್ರೈಸ್ತರ ಐಕ್ಯತೆ ಮುಗಿದ ಹಾಗೆ." "ರೋಮ್ (ಪೋಪ್‌ರ ಕ್ಯಾಥೊಲಿಕ್ ಸಭೆ) ಇನ್ಯಾವತ್ತೂ ಹತ್ತಿರ ಬರಲ್ಲ." ಎರಡು ವಾರ ಕಳೆಯುವಷ್ಟರಲ್ಲಿ ಗಾಫ್ಕಾನ್ ಅನ್ನುವ ಸಂಪ್ರದಾಯವಾದಿ ಆಂಗ್ಲಿಕನ್ನರ ಜಾಗತಿಕ ಗುಂಪಿನವರು ನಿಜವಾದ ಆಂಗ್ಲಿಕನ್ ಬಳಗ ನಾವೇ ಅಂತ ಹೇಳಿಕೆ ಕೊಟ್ಟರು. ಗುಂಪಿನಲ್ಲಿ ಮತ್ತೆ ಹಬ್ಬ. ಅಲ್ಲಿ ಬೆರಳಲ್ಲೇ ಟೈಪ್ ಮಾಡಿ ಸಾಕಾಯಿತು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ.

ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಹುಟ್ಟಿ ಬೆಳೆದವಳು. ಹೆಂಗಸರು ಬಿಷಪ್ ಆಗಬೇಕು ಅನ್ನುವವಳು. ಆದರೆ ಅದನ್ನು ಒಪ್ಪದವರನ್ನು ಚರ್ಚಿನಿಂದ ಹೊರಗೆ ಹಾಕಿ ಅನ್ನುವವರ ಜೊತೆಗೂ ನಾನಿಲ್ಲ. ಹೀಗೆ ಎರಡೂ ಕಡೆಯವರಿಂದ ಬೈಸಿಕೊಳ್ಳುವ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ.

ಮೊದಲು "ಐಕ್ಯತೆಗಾಗಿ ಕಾಯಬೇಕಿತ್ತು" ಅನ್ನುವ ಮಾತು. ಯಾರ ಜೊತೆಗಿನ ಐಕ್ಯತೆ ಸ್ವಾಮಿ? ಇದನ್ನು ಹೇಳುವವರ ಮನಸ್ಸಿನಲ್ಲಿ ಯಾವಾಗಲೂ ರೋಮ್ ಒಂದೇ ಇರುತ್ತೆ. ಇಂಗ್ಲೆಂಡಿನ ಮೆಥಡಿಸ್ಟರು 1974ರಿಂದ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡುತ್ತಿದ್ದಾರೆ. ಚರ್ಚ್ ಆಫ್ ಇಂಗ್ಲೆಂಡ್ ಅವರ ಜೊತೆ 2003ರಲ್ಲಿ ಒಡಂಬಡಿಕೆಗೆ ಸಹಿ ಹಾಕಿದೆ. ನಾರ್ವೆಯ ಲೂಥರನ್ ಸಭೆಯಲ್ಲಿ 1993ರಲ್ಲೇ ಹೆಂಗಸು ಬಿಷಪ್ ಆದರು, ಸ್ವೀಡನ್ನಿನಲ್ಲಿ 1997ರಲ್ಲಿ. ಆ ಎರಡು ಸಭೆಗಳ ಜೊತೆಗೂ ಇಂಗ್ಲೆಂಡಿನ ಚರ್ಚಿಗೆ ಒಪ್ಪಂದ ಇದೆ. ಅಂದರೆ ಕಾಯುತ್ತಾ ಕೂತರೆ ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ. ಕಾಯುವುದೂ ಒಂದು ಪಕ್ಷ ಹಿಡಿದಂತೆಯೇ ಅಲ್ವಾ?

ಇನ್ನು ರೋಮ್. ಆಂಗ್ಲಿಕನ್ ದೀಕ್ಷೆಗಳು ಪೂರ್ತಿ ಅಸಿಂಧು ಅಂತ ಪೋಪ್ 13ನೇ ಲಿಯೋ ತೀರ್ಪು ಕೊಟ್ಟಿದ್ದು 1896ರಲ್ಲಿ. ಆಗ ಇಂಗ್ಲೆಂಡಿನಲ್ಲಿ ಒಬ್ಬಳೇ ಒಬ್ಬಳು ಹೆಂಗಸು ಪಾದ್ರಿ ಇರಲಿಲ್ಲ. ಗಂಡಸರದ್ದೇ ಲೆಕ್ಕಕ್ಕೆ ಬರಲಿಲ್ಲ. ಹೆಂಗಸರು ಬಂದ ಮೇಲೆ ದಾರಿ ಇನ್ನೂ ಕಷ್ಟವಾಯಿತು, ನಿಜ. ರೋಮಿನ ಕಾರ್ಡಿನಲ್ ಕ್ಯಾಸ್ಪರ್ 2006ರಲ್ಲಿ ಇಂಗ್ಲೆಂಡಿನ ಬಿಷಪ್‌ಗಳ ಎದುರಿಗೇ ಇದನ್ನು ಹೇಳಿ ಎಚ್ಚರಿಸಿದ್ದರು. ಅವರು ಮರೆಮಾಚದೆ ಹೇಳಿದರು, ಅದಕ್ಕೆ ಗೌರವ ಇದೆ. ಆದರೆ ಮುಲ್ಲಾಲಿ ಹೆಸರು ಬಂದ ಮೂರೇ ವಾರದಲ್ಲಿ, ಅಕ್ಟೋಬರ್ 23ಕ್ಕೆ, ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥರೂ ಆಗಿರುವ ರಾಜ ಚಾರ್ಲ್ಸ್ ಮತ್ತು ಪೋಪ್ 14ನೇ ಲಿಯೋ ಸಿಸ್ಟೀನ್ ಚಾಪೆಲ್‌ನಲ್ಲಿ ಒಟ್ಟಿಗೆ ಪ್ರಾರ್ಥನೆ ಮಾಡಿದರು. ಬಾಗಿಲು ಮುಚ್ಚಿಯೇ ಹೋಗಿದ್ದರೆ ಹೀಗೆ ನಡೆಯುತ್ತಿರಲಿಲ್ಲ. ಗಾಫ್ಕಾನ್ ವಿಷಯವನ್ನೂ ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ಅದರೊಳಗೇ ಇರುವ ಕೀನ್ಯಾದಲ್ಲಿ 2021ರಲ್ಲಿ ಹೆಂಗಸರು ಬಿಷಪ್ ಆಗಿದ್ದಾರೆ, ಅವರ ದೊಡ್ಡ ಜಗಳ ಸಲಿಂಗ ಮದುವೆಯದ್ದು.

ಸರಿ, ಇಂಗ್ಲೆಂಡಿನ ಚರ್ಚಿನ ಒಳಜಗಳಕ್ಕೆ ಬರೋಣ.

ವಿರೋಧಿಗಳೆಲ್ಲ ಒಂದೇ ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅಲ್ಲಿ ಎರಡು ಗುಂಪು, ಎರಡು ಬೇರೆ ಕಾರಣ. ಆಂಗ್ಲೋ ಕ್ಯಾಥೊಲಿಕ್ (ಆಂಗ್ಲಿಕನ್ ಚರ್ಚಿನೊಳಗೇ ಕ್ಯಾಥೊಲಿಕ್ ಸಂಪ್ರದಾಯ ಹಿಡಿದವರು) ಕಡೆಯವರ ಚಿಂತೆ ಸಂಸ್ಕಾರದ್ದು. ಹೆಂಗಸನ್ನು ಬಿಷಪ್ ಮಾಡಲು ನಮ್ಮ ಚರ್ಚು ಒಂದೇ ತಾನಾಗಿ ತೀರ್ಮಾನಿಸಬಹುದಾ, ಆ ಅಧಿಕಾರ ಇಲ್ಲದಿದ್ದರೆ ಆಕೆ ಕೈ ಇಟ್ಟು ದೀಕ್ಷೆ ಕೊಟ್ಟ ಪಾದ್ರಿ ನಿಜವಾಗಿ ಪಾದ್ರಿಯಾ, ಆತ ಕೊಡುವ ಕರ್ತನ ಭೋಜನ ನಿಜವಾಗಿ ಕರ್ತನ ಭೋಜನವಾ? ಸರಪಳಿಯಲ್ಲಿ ಒಂದು ಕೊಂಡಿ ಅನುಮಾನವಾದರೆ ಮುಂದಿನದೆಲ್ಲ ಅನುಮಾನ. ಇವ್ಯಾಂಜೆಲಿಕಲ್ ಕಡೆಯವರ ಕಾರಣವೇ ಬೇರೆ. ಅವರಿಗೆ ಸಂಸ್ಕಾರಕ್ಕಿಂತ ವಾಕ್ಯ ಮುಖ್ಯ, ಅದರಲ್ಲೂ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ. ಸಭೆಗೆ ತಲೆಯಾಗಿ ಗಂಡಸೇ ಇರಬೇಕು ಅನ್ನುವುದು ಅವರ ಓದು. ನನಗೆ ಎರಡೂ ಒಪ್ಪಿಗೆಯಾಗಲ್ಲ. ಆದರೆ ಮೊದಲನೆಯದನ್ನು ಸುಮ್ನೆ ಗಂಡಸರ ಅಹಂಕಾರ ಅಂತ ತಳ್ಳಿಹಾಕಲು ಆಗಲ್ಲ. ಎರಡನೆಯದರ ಬಗ್ಗೆ ನನಗೆ ತಾಳ್ಮೆ ಸ್ವಲ್ಪ ಕಡಿಮೆ. ಇರಲಿ.

1992ರ ನವೆಂಬರ್ 11ಕ್ಕೆ ಹೆಂಗಸರು ಪಾದ್ರಿ ಆಗಬಹುದು ಅಂತ ಇಂಗ್ಲೆಂಡಿನ ಜನರಲ್ ಸಿನೊಡ್ (ಬಿಷಪ್, ಪಾದ್ರಿ, ಸಾಮಾನ್ಯ ಸದಸ್ಯ ಅಂತ ಮೂರು ಸದನಗಳಿರುವ ಚರ್ಚಿನ ಶಾಸನಸಭೆ) ತೀರ್ಮಾನಿಸಿತು. ಪ್ರತಿ ಸದನದಲ್ಲೂ ಮೂರನೇ ಎರಡರಷ್ಟು ಮತ ಬೇಕಿತ್ತು. ಸಾಮಾನ್ಯ ಸದಸ್ಯರ ಸದನದಲ್ಲಿ ಎರಡೇ ಎರಡು ಓಟು ಆ ಕಡೆ ಹೋಗಿದ್ದರೂ ಬಿದ್ದುಹೋಗುತ್ತಿತ್ತು. 1994ರ ಮಾರ್ಚ್ 12ಕ್ಕೆ ಬ್ರಿಸ್ಟಲ್‌ನಲ್ಲಿ 32 ಹೆಂಗಸರಿಗೆ ದೀಕ್ಷೆ ಆಯಿತು. ಒಪ್ಪದ ಸಭೆಗಳಿಗೆ ಅಂತ ಬೇರೆ ಬಿಷಪ್‌ಗಳನ್ನು ಕೊಟ್ಟರು, ಊರೂರು ಸುತ್ತುವ ಇವರಿಗೆ ಫ್ಲೈಯಿಂಗ್ ಬಿಷಪ್ ಅಂತ ಹೆಸರು ಬಿತ್ತು. ಪಾದ್ರಿ ಮಟ್ಟದಲ್ಲಿ ಇದು ಹೇಗೋ ನಡೆಯಿತು, ಯಾಕೆಂದರೆ ಪಕ್ಕದ ಸಭೆಯಲ್ಲಿ ಹೆಂಗಸು ಪಾದ್ರಿ ಇದ್ದರೆ ನಿಮಗೇನೂ ತೊಂದರೆಯಿಲ್ಲ. ಬಿಷಪ್ ಹಾಗಲ್ಲ. ಇಡೀ ಡಯಾಸಿಸ್‌ಗೆ (ಒಬ್ಬ ಬಿಷಪ್ ಕೈಕೆಳಗಿನ ಸಭೆಗಳಿಗೆಲ್ಲ) ದೀಕ್ಷೆ ಕೊಡುವವರು ಅವರು, ಪಾದ್ರಿಗಳು ವಿಧೇಯತೆಯ ಪ್ರಮಾಣ ಮಾಡುವುದೂ ಅವರಿಗೆ. ತಪ್ಪಿಸಿಕೊಂಡು ಓಡಾಡಲು ಜಾಗವೇ ಇಲ್ಲ.

ಅದಕ್ಕೇ 2012ರ ನವೆಂಬರ್ 20ಕ್ಕೆ ಹೆಂಗಸರನ್ನು ಬಿಷಪ್ ಮಾಡುವ ಮಸೂದೆ ಸಿನೊಡ್‌ನಲ್ಲಿ ಬಿದ್ದುಹೋಯಿತು. ಬಿಷಪ್‌ಗಳ ಸದನದಲ್ಲಿ 44 ಪರ, 3 ವಿರೋಧ. ಪಾದ್ರಿಗಳಲ್ಲಿ 148 ಪರ, 45 ವಿರೋಧ. ಸಾಮಾನ್ಯ ಸದಸ್ಯರಲ್ಲಿ 132 ಪರ, 74 ವಿರೋಧ. ಆರು ಓಟು ಕಡಿಮೆ. ಕುತೂಹಲದ ವಿಷಯ ಏನಂದ್ರೆ ವಿರೋಧ ಹಾಕಿದವರಲ್ಲಿ ಹೆಂಗಸರು ಬಿಷಪ್ ಆಗಲಿ ಅನ್ನುವವರೂ ಇದ್ದರು. ಒಪ್ಪದವರಿಗೆ ಕೊಟ್ಟ ರಕ್ಷಣೆ ಸಾಲದು, ಹೀಗಾದರೆ ಅವರು ಉಳಿಯಲ್ಲ ಅಂತ ಅವರು ಇಲ್ಲ ಅಂದರು.

2014ರ ಜುಲೈ 14ಕ್ಕೆ ಯಾರ್ಕ್‌ನಲ್ಲಿ ಅದೇ ಸಿನೊಡ್‌ನ ಅದೇ ಸಾಮಾನ್ಯ ಸದಸ್ಯರ ಸದನದಲ್ಲಿ 152 ಪರ, 45 ವಿರೋಧ, ಮಸೂದೆ ಪಾಸಾಯಿತು. ಇಪ್ಪತ್ತು ತಿಂಗಳಲ್ಲಿ ಏನಾಯಿತು? ಯಾರ ದೇವಶಾಸ್ತ್ರವೂ ಬದಲಾಗಲಿಲ್ಲ. ಯಾರೂ ಹೊಸ ವಾಕ್ಯ ಕಂಡುಹಿಡಿಯಲಿಲ್ಲ. ಎರಡೂ ಕಡೆಯವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಮಧ್ಯಸ್ಥರನ್ನು ಇಟ್ಟು, ಮಾತಾಡಿಸಿದರು. ಹೊಸ ಮಸೂದೆ ಬರೆಯುವ ಸಮಿತಿಯಲ್ಲಿ ವಿರೋಧಿಗಳನ್ನೂ ಸೇರಿಸಿಕೊಂಡರು. ಕಾನೂನಿನ ಕಲಮುಗಳು ಕಡಿಮೆಯಾದವು. ಅದರ ಬದಲು ಬಿಷಪ್‌ಗಳ ಒಂದು ಘೋಷಣೆ, ಐದು ತತ್ವಗಳು, ದೂರು ಕೇಳಲು ಸ್ವತಂತ್ರ ಪರಿಶೀಲಕರು ಬಂದರು. ಆ ಐದು ತತ್ವಗಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ತೀರ್ಮಾನ ಆಗಿದೆ, ಹೆಂಗಸು ಬಿಷಪ್ ನಿಜವಾದ ಬಿಷಪ್, ಇಲ್ಲಿ ಸೇವೆ ಮಾಡುವವರು ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಜಗತ್ತಿನ ಇಡೀ ಕ್ರೈಸ್ತ ಸಭೆ ಇನ್ನೂ ಇದರ ಬಗ್ಗೆ ಯೋಚಿಸುತ್ತಿದೆ, ಹಾಗಾಗಿ ಒಪ್ಪಲಾಗದವರೂ ನಿಜವಾದ ಆಂಗ್ಲಿಕನ್ನರೇ, ಅವರಿಗೆ ಕಾಲಮಿತಿ ಇಲ್ಲದೆ ಜಾಗ ಇರುತ್ತದೆ.

ಪೇಪರಿನ ಮೇಲೆ ಚೆನ್ನಾಗಿದೆ. ಆಚರಣೆಗೆ ಬಂದಾಗ ಏನಾಯಿತು ನೋಡಿ. 2015ರ ಜನವರಿ 26ಕ್ಕೆ ಯಾರ್ಕ್ ಮಿನ್‌ಸ್ಟರ್‌ನಲ್ಲಿ ಲಿಬ್ಬಿ ಲೇನ್ ಇಂಗ್ಲೆಂಡಿನ ಮೊದಲ ಮಹಿಳಾ ಬಿಷಪ್ ಆದರು. ನೂರಕ್ಕೂ ಹೆಚ್ಚು ಬಿಷಪ್‌ಗಳು ಸುತ್ತ ನಿಂತು ಕೈ ಇಟ್ಟರು. ಸರಿಯಾಗಿ ಒಂದು ವಾರಕ್ಕೆ, ಅದೇ ಜಾಗದಲ್ಲಿ, ಹೆಂಗಸರ ದೀಕ್ಷೆ ಒಪ್ಪದ ಫಿಲಿಪ್ ನಾರ್ತ್ ಬಿಷಪ್ ಆದರು. ಅವರ ತಲೆ ಮೇಲೆ ಕೈ ಇಟ್ಟವರು ಮೂವರೇ. ಆರ್ಚ್‌ಬಿಷಪ್ ಜಾನ್ ಸೆಂಟಾಮು, ಆ ಪ್ರಾಂತ್ಯಕ್ಕೇ ಮುಖ್ಯಸ್ಥರು, ಕೈ ಇಡದೆ ನಿಂತಿದ್ದರು.

ಇದನ್ನು ಓದಿದಾಗ ನನಗೆ ಮೈ ಉರಿಯಿತು. ಹೆಂಗಸಿನ ತಲೆ ಮುಟ್ಟಿದ ಕೈ ಇನ್ನು ಈ ತಲೆಯನ್ನು ಮುಟ್ಟಬಾರದು ಅಂದ ಹಾಗೆ ಕಾಣುತ್ತದೆ. ಮೈಲಿಗೆ ಅಂದ್ರೆ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಈ ನಾಡಿನಲ್ಲಿ ಎಷ್ಟೋ ಕುಟುಂಬಗಳು ಸಭೆಗೆ ಬಂದಿದ್ದೇ ಅದರಿಂದ ತಪ್ಪಿಸಿಕೊಳ್ಳಲು, ಒಂದೇ ಬಟ್ಟಲಿನಿಂದ ಕುಡಿಯುವ ಜಾಗ ಅಂತ ನಂಬಿ. ಇಂಗ್ಲೆಂಡಿನಲ್ಲೂ ಜನ ಇದನ್ನು ಮೈಲಿಗೆಯ ದೇವಶಾಸ್ತ್ರ ಅಂತಲೇ ಬೈದರು. ಅಲ್ಲ, ಇದು ಮೈಲಿಗೆಯಲ್ಲ, ತಮಗೆ ಯಾರ ಜೊತೆ ಪೂರ್ತಿ ಅನ್ಯೋನ್ಯತೆ ಇದೆ ಅನ್ನುವುದರ ಗುರುತು ಅಂತ ಆ ಕಡೆಯವರು ವಿವರಿಸಿದರು. ವಿವರಣೆ ನನಗೆ ಅರ್ಥ ಆಗುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಅದೇ. ಕೈ ಇಡದೆ ನಿಂತವರು ಸ್ವತಃ ಸೆಂಟಾಮು, ಲಿಬ್ಬಿ ಲೇನ್ ಅವರಿಗೆ ದೀಕ್ಷೆ ಕೊಟ್ಟವರೇ, ಹೀಗೆ ಮಾಡಲು ಒಪ್ಪಿದ್ದೂ ಅವರೇ. ಒಗ್ಗಟ್ಟಿಗಾಗಿ ತಾನೇ ಹಿಂದೆ ಸರಿದು ನಿಂತ ಹಿರಿಯರು ಅಂತ ಓದಿದರೆ ಅದೂ ನಿಜ. ಈ ಎರಡು ಓದಿನ ಮಧ್ಯೆ ನಾನಿನ್ನೂ ಪೂರ್ತಿ ಆ ಕಡೆ ಈ ಕಡೆ ಆಗಿಲ್ಲ.

2017ರಲ್ಲಿ ತಪ್ಪು ಇನ್ನೊಂದು ಕಡೆಯಿಂದ ಆಯಿತು. ಅದೇ ಫಿಲಿಪ್ ನಾರ್ತ್ ಅವರನ್ನು ಶೆಫೀಲ್ಡಿಗೆ ಬಿಷಪ್ ಅಂತ ಹೆಸರಿಸಿದರು. ಗಲಾಟೆ ಎಷ್ಟಾಯಿತೆಂದರೆ ಮಾರ್ಚ್‌ನಲ್ಲಿ ಅವರೇ ಹಿಂದೆ ಸರಿದರು. ತನ್ನ ಡಯಾಸಿಸ್‌ನ ಮಹಿಳಾ ಪಾದ್ರಿಗಳ ದೀಕ್ಷೆಯನ್ನೇ ಅನುಮಾನಿಸುವ ಬಿಷಪ್ ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ, ಆ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಆದರೆ ಐದು ತತ್ವಗಳಿಗೆ ಕೈ ಎತ್ತಿ ಮೂರು ವರ್ಷ ಆಗಿಲ್ಲ, ಮೊದಲ ಪರೀಕ್ಷೆಯಲ್ಲೇ ಹೀಗಾದರೆ? ಆಮೇಲೆ ಪರಿಶೀಲಕ ಫಿಲಿಪ್ ಮೌಅರ್ ವರದಿ ಕೊಟ್ಟರು. ಇಂಥ ನೇಮಕ ಆದರೆ ಏನರ್ಥ ಅಂತ ಜನರಿಗೆ ತಿಳಿಹೇಳುವ ಕೆಲಸವನ್ನು ಚರ್ಚು ಮಾಡಿಯೇ ಇರಲಿಲ್ಲ ಅಂತ ಅದರಿಂದ ಗೊತ್ತಾಯಿತು.

ನಮ್ಮ ಕಥೆ ಹೇಳದಿದ್ದರೆ ಹೇಗೆ. ತರಂಗಂಬಾಡಿಯಲ್ಲಿ 1919ರಲ್ಲಿ ಬಿಷಪ್ ಅಜರಯ್ಯ ಮತ್ತು ಜೊತೆಯವರು ಶುರು ಮಾಡಿದ, ಸಭೆಗಳು ಒಂದಾಗುವ ಮಾತು 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿಎಸ್‌ಐ ಆಗಿ ಮುಗಿಯಿತು. ಅಜರಯ್ಯ ಅದನ್ನು ನೋಡಲು ಉಳಿದಿರಲಿಲ್ಲ. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಒಂದಾದರು. ನಮ್ಮ ಬಾಸೆಲ್ ಮಿಷನ್ ಸಭೆಗಳೂ, ಕೆಲವು ತಡವಾಗಿ, ಬಂದು ಸೇರಿದವು. ನಮ್ಮಜ್ಜಿ ಕಡೆಯವರು ಬಾಸೆಲ್‌ನವರು. ಅವರಿಗೆ ಬಿಷಪ್ ಅನ್ನುವ ಹುದ್ದೆಯೇ ಹೊಸದು, ಗಂಡಸು ಹೆಂಗಸು ಆಮೇಲಿನ ಮಾತು. ಬಿಷಪ್ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳಿಗೆ ಮರುದೀಕ್ಷೆ ಕೊಡದೆ ಹಾಗೇ ಒಪ್ಪಿಕೊಂಡರು. ಯಾವ ಸಭೆಗೂ ಅದರ ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನು ಹೇರುವುದಿಲ್ಲ ಅಂತ ಮಾತು ಕೊಟ್ಟರು. ಒಂದು ಪೀಳಿಗೆ ಕಳೆಯಲಿ, ಮೂವತ್ತು ವರ್ಷ, ಆಮೇಲೆ ನೋಡೋಣ ಅಂದರು. ಇಂಗ್ಲೆಂಡಿನವರು ಆಗ ನಮ್ಮನ್ನು ಪೂರ್ತಿ ತಮ್ಮವರು ಅಂತ ಒಪ್ಪಲಿಲ್ಲ. ಕಾರಣ ಇದೇ ದೀಕ್ಷೆಯ ಸರಪಳಿ.

ಆಗ ಸೇರಲ್ಲ ಅಂದವರೂ ಇದ್ದರು. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ತುಂಬಾ ಜನ ಹೊರಗೇ ಉಳಿದರು, 70ರ ದಶಕದಲ್ಲಿ ಬಂದು ಸೇರಿದರು. ಅದೇ ನಂದ್ಯಾಲ ಡಯಾಸಿಸ್‌ಗೆ 2013ರಲ್ಲಿ ಎಗ್ಗೋನಿ ಪುಷ್ಪಲಲಿತಾ ಬಿಷಪ್ ಆದರು, ಸಿಎಸ್‌ಐನ ಮೊದಲ ಮಹಿಳಾ ಬಿಷಪ್. ಇಂಗ್ಲೆಂಡಿಗಿಂತ ಮುಂಚೆ. ಎದೆ ಉಬ್ಬಿಸುವ ಮೊದಲು ಒಂದು ಮಾತು: ನಮ್ಮ ಕಡೆ ಜಗಳ ಆಸ್ತಿ, ಕುರ್ಚಿಗಳ ಮೇಲೆ ಆಗುತ್ತೆ. ಅವರದು ಕನಿಷ್ಠ ದೇವರ ವಿಷಯಕ್ಕೆ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷ. ಇಂಗ್ಲೆಂಡಿನ ಏರ್ಪಾಡು ಇರಲಿ, ಕಾಲಮಿತಿ ಹಾಕಬೇಡಿ. ಒಪ್ಪದವರಿಗೆ ಬಿಷಪ್ ಪದವಿಯೂ ಸಿಗಲಿ. 2023ರಿಂದ ಫಿಲಿಪ್ ನಾರ್ತ್ ಬ್ಲ್ಯಾಕ್‌ಬರ್ನ್ ಡಯಾಸಿಸ್‌ಗೆ ಬಿಷಪ್ ಆಗಿದ್ದಾರೆ, ಅದೇ ಡಯಾಸಿಸ್‌ನಲ್ಲಿ ಜಿಲ್ ಡಫ್ ಅನ್ನುವ ಮಹಿಳೆ ಲ್ಯಾಂಕಾಸ್ಟರ್‌ನ ಬಿಷಪ್. ಇಬ್ಬರೂ ಒಂದೇ ಜನಕ್ಕೆ ಸೇವೆ ಮಾಡುತ್ತಿದ್ದಾರೆ. "ಐಕ್ಯತೆ ಸತ್ತಿತು" ಅನ್ನುವ ನಮ್ಮ ವಾಟ್ಸಾಪ್ ಪಂಡಿತರು ಇದನ್ನು ಯಾಕೆ ಫಾರ್ವರ್ಡ್ ಮಾಡಲ್ಲ?

ಒಂದು ಷರತ್ತು ಮಾತ್ರ ನನಗೆ ಬೇಕು. ಬೇರೆ ಬಿಷಪ್ ಬೇಕು ಅಂತ ಠರಾವು ಮಾಡಿದ ಸಭೆಗಳು ಅದನ್ನು ಬಚ್ಚಿಡಬಾರದು. ಈ ಠರಾವು ಮಾಡುವುದು ಸಭೆಯ ಕಮಿಟಿ. ವಾರವಾರ ಬಂದು ಕೂರುವ ಹೆಂಗಸರಿಗೆ, ಅವರ ಹೆಣ್ಣುಮಕ್ಕಳಿಗೆ, ಇಲ್ಲಿ ನೀವು ವೇದಿಯ ಹಿಂದೆ ನಿಲ್ಲುವಂತಿಲ್ಲ ಅನ್ನುವುದೇ ಗೊತ್ತಿರುವುದಿಲ್ಲ ಅಂತ ಅಲ್ಲಿನ ಮಹಿಳೆಯರು ಎಷ್ಟೋ ಸಲ ದೂರಿದ್ದಾರೆ. ನಿಮ್ಮ ಮನಸ್ಸಾಕ್ಷಿಗೆ ಜಾಗ ಕೊಟ್ಟಿದ್ದಾರೆ, ಸಂತೋಷ. ವೆಬ್‌ಸೈಟಿನಲ್ಲಿ ಹಾಕಿ, ಬಾಗಿಲ ಪಕ್ಕದ ಬೋರ್ಡಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದಿಕೊಂಡು ಒಳಗೆ ಬರಬೇಕೋ ಬೇಡವೋ ಅಂತ ಆ ಹುಡುಗಿಯೇ ತೀರ್ಮಾನ ಮಾಡಲಿ.