ಶೂ ಮೊದಲೇ ಹೊರಟಿತ್ತು

ನಮ್ಮ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಅನ್ನುವ ಹಾಗಿಲ್ಲ. ಮೂಲೆ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಹೊರಟರೂ ‘ಬರ್ತೀನಿ’ ಅನ್ನಬೇಕು. ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವ ಹಾಗೂ ಇಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಈ ಎರಡು ಕಾಯಿದೆಗಳಿಗೆ ತಲೆಬಾಗಿಯೇ ನಾನು ಮೈಸೂರಿನಿಂದ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟಿದ್ದು.

ಸುದ್ದಿ ಕೇಳಿದ ಅಮ್ಮ ಮೊದಲು ಕೇಳಿದ್ದು, “ಅಲ್ಲಿ ಯಾವ ದೇವರು?”

“ದೇವರಿಗಲ್ಲಮ್ಮ, ನಡೆಯೋಕೆ. ನೇಪಾಳದ ಲುಕ್ಲಾ ಅನ್ನೋ ಊರಿಂದ ಹೋಗಿಬರೋದು ಸುಮಾರು 130 ಕಿಲೋಮೀಟರ್. 5,364 ಮೀಟರ್ ಎತ್ತರ.”

“ಎವರೆಸ್ಟ್ ಚೆನ್ನಾಗಿ ಕಾಣುತ್ತೇನೋ?”

ಇಲ್ಲಿ ಒಂದು ಸುಳ್ಳು ಹೇಳಿಬಿಡಬಹುದಿತ್ತು. “ಬೇಸ್ ಕ್ಯಾಂಪಿಂದ ತುದಿ ಕಾಣಲ್ಲ. ಬೇರೆ ಬೆಟ್ಟ ಅಡ್ಡ ಬರುತ್ತೆ.”

ಅಪ್ಪ ಪೇಪರು ಮಡಚಿಟ್ಟರು. “ಕಾಣದೇ ಇರೋದನ್ನ ನೋಡೋಕೆ ಇಷ್ಟು ದುಡ್ಡಾ?”

ಲುಕ್ಲಾಕ್ಕೆ ಹೋಗುವ ಪುಟ್ಟ ವಿಮಾನದಲ್ಲಿ ಕೈಚೀಲವೂ ಸೇರಿ 15 ಕಿಲೋ ಮಾತ್ರ ಒಯ್ಯಬಹುದು. ಅಲ್ಲಿನ ರನ್‌ವೇ 527 ಮೀಟರ್ ಉದ್ದ, ಅದೂ ಇಳಿಜಾರು ಎಂಬುದನ್ನು ಬಾಯಿಬಿಟ್ಟಿದ್ದರೆ ಅಮ್ಮ ಅವತ್ತೇ ಟಿಕೆಟ್ ಹರಿಯುತ್ತಿದ್ದಳು. ತೂಕದ ವಿಷಯ ಮಾತ್ರ ಹೇಳಿದೆ. “ಒಂದು ಡಬ್ಬಿ ಚಟ್ನಿಪುಡಿಗೆ ವಿಮಾನ ಬೀಳುತ್ತೇನೋ?” ಎಂದಳು. ರಾತ್ರಿ ನಾನು ತೆಗೆದಿಟ್ಟ ಡಬ್ಬಿ ಬೆಳಿಗ್ಗೆ ಬ್ಯಾಗಿನೊಳಗೆ ಇರುತ್ತಿತ್ತು. ಬ್ಯಾಗನ್ನು ತಬ್ಬಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಅದರಲ್ಲಿ ನನ್ನ ತೂಕ ಕಳೆದು ಲೆಕ್ಕ ಹಾಕುವುದು. ಮೂರು ದಿನ ಈ ಲೆಕ್ಕ ಮಾಡಿದ್ದರಿಂದ ತಿಳಿದಿದ್ದು, ಬ್ಯಾಗಿಗಿಂತ ನಾನೇ ಹೆಚ್ಚು ಊದುತ್ತಿದ್ದೇನೆ ಎಂಬುದು. ಕೊನೆಗೆ ಕೋಡುಬಳೆ ಗೆದ್ದಿತು, ಚಳಿಗೆಂದು ಕೊಂಡ ಒಂದು ಜೊತೆ ಥರ್ಮಲ್ ಒಳಉಡುಪು ಮನೆಯಲ್ಲೇ ಉಳಿಯಿತು.

ಹೊರಡುವ ದಿನ ಶುಕ್ರವಾರ. ಹನ್ನೆರಡಕ್ಕೆ ವಿಮಾನ ನಿಲ್ದಾಣದ ಬಸ್ಸು. ಹನ್ನೊಂದೂಕಾಲಿಗೆ ಮನೆ ಬಿಡಬೇಕು. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ! ಅಮ್ಮ ಗಾಬರಿಯಾಗಲಿಲ್ಲ. ಇದಕ್ಕೆ ಹಿರಿಯರು ದಾರಿ ಮಾಡಿಟ್ಟಿದ್ದಾರೆ: ಪ್ರಸ್ಥಾನ. ರಾಹುಕಾಲಕ್ಕೆ ಮೊದಲೇ ಒಂದು ಸಾಮಾನನ್ನು ಬೇರೆಯವರ ಮನೆಯಲ್ಲಿಟ್ಟರೆ ನಾವು ಹೊರಟ ಹಾಗೆಯೇ. ದೊಡ್ಡ ಬ್ಯಾಗು ಎತ್ತಲಾಗದೆ ಅಮ್ಮ ಕೈಗೆ ಸಿಕ್ಕ ಸಣ್ಣ ಚೀಲವನ್ನು ಎದುರುಮನೆಗೆ ಸಾಗಿಸಿದ್ದಳು.

ಅದರಲ್ಲಿ ನನ್ನ ಶೂ ಇತ್ತು. ಆರು ವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಪಳಗಿಸಿದ್ದ ಶೂ.

ನಾನು ಎದುರುಮನೆಗೆ ಓಡಿದಾಗ ಗಂಟೆ ಹತ್ತೂ ಐವತ್ತು. ಬಾಗಿಲಿಗೆ ಬೀಗ. ಗೇಟಿನಲ್ಲಿ ನಿಂತಿದ್ದ ಅಪ್ಪ, “ಶುಕ್ರವಾರ ಅಲ್ವೇನೋ, ಬೆಟ್ಟಕ್ಕೆ ಹೋಗಿರ್ತಾರೆ” ಅಂದರು. ಆಂಟಿಯ ಫೋನು ಕಿಟಕಿಯೊಳಗಿಂದ ರಿಂಗಾಗುತ್ತಿತ್ತು. ಸ್ಕೂಟರ್ ಹತ್ತಿ, ರೂಢಿಯಂತೆ “ಬರ್ತೀನಮ್ಮಾ” ಎಂದು ಕೂಗಿ ಹೊರಟೆ. ಅಮ್ಮ ಬಾಗಿಲಿಗೆ ಬಂದು, ಏನೋ ಕೇಳಲು ಬಾಯಿ ತೆರೆದು, ಮುಚ್ಚಿಕೊಂಡಳು.

ಬೆಟ್ಟದ ಪಾದದಲ್ಲಿ ಸ್ಕೂಟರ್ ನಿಲ್ಲಿಸಿ ಹತ್ತತೊಡಗಿದೆ. ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ತಾಯಿಯ ಮೆಟ್ಟಿಲನ್ನು ಬೂಟು ಹಾಕಿಕೊಂಡು ಹತ್ತುತ್ತೀಯಾ ಎಂದು ಆರು ವಾರ ಬೈಸಿಕೊಂಡವನು ಈಗ ಬರಿಗಾಲಲ್ಲಿ, ಭಕ್ತರು ಹಚ್ಚಿದ್ದ ಅರಿಶಿನ ಕುಂಕುಮವನ್ನು ಅಂಗಾಲಿಗೆ ಮೆತ್ತಿಕೊಂಡು, ಏದುಸಿರು ಬಿಡುತ್ತಾ ನಂದಿಯ ಹತ್ತಿರ ತಲುಪಿದೆ. (ಅಲ್ಲಿಯವರೆಗೆ ಸ್ಕೂಟರಿನಲ್ಲೇ ಬರಬಹುದಿತ್ತು ಎಂದು ಹೊಳೆದಿದ್ದು ಇಳಿಯುವಾಗ.)

ಆಂಟಿ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದರು. “ಹೊರಡೋಕೆ ಮುಂಚೆ ತಾಯಿ ದರ್ಶನಕ್ಕೆ ಬಂದ್ಯಾ! ಅದೂ ಬರಿಗಾಲಲ್ಲಿ! ಎಂಥಾ ಮಗನಪ್ಪಾ.”

“ಆಂಟಿ, ನಿಮ್ಮನೆ ಕೀ...”

“ಕೀ ನಿಮ್ಮಮ್ಮನ ಹತ್ರ ಇದೆಯಲ್ಲೋ. ನೀನು ಚೀಲ ತಗೋಬೇಕಲ್ಲಾ ಅಂತ ನಾನೇ ಕೊಟ್ಟು ಬಂದೆ.”

ಮನೆ ತಲುಪಿದಾಗ ಕೀ ಬಾಗಿಲ ಹಿಂದಿನ ಮೊಳೆಯಲ್ಲಿ, ನಮ್ಮ ಕೊಡೆಯ ಪಕ್ಕ, ನಿಶ್ಚಿಂತೆಯಿಂದ ತೂಗುತ್ತಿತ್ತು. ಹನ್ನೆರಡರ ಬಸ್ಸು ಹೋಗಿಯಾಗಿತ್ತು.

“ಅಮ್ಮಾ! ನಾನು ಹೊರಟಾಗ ಎಲ್ಲಿಗೆ ಅಂತ ಒಂದು ಮಾತು ಕೇಳಬಾರದಿತ್ತಾ?”

“ಹೊರಟವರನ್ನ ಹಾಗೆಲ್ಲ ಕೇಳ್ತಾರೇನೋ?” ಎಂದು ನನ್ನ ಕೈಗೊಂದು ಲೋಟ ಮಜ್ಜಿಗೆ ಕೊಟ್ಟು, ಗಡಿಯಾರ ನೋಡಿದಳು. “ಹನ್ನೆರಡೂ ಹತ್ತು. ರಾಹುಕಾಲ ಮುಗೀತು. ಈಗ ಹೊರಡು. ಒಂದು ಗಂಟೆಗೆ ಇನ್ನೊಂದು ಬಸ್ಸಿದೆಯಂತೆ, ಅಪ್ಪ ಆಗಲೇ ವಿಚಾರಿಸಿಟ್ಟಿದ್ದಾರೆ.”