ಅಪ್‌ಡೇಟ್ ಕೆಟ್ಟಿದ್ದಕ್ಕೆಲ್ಲ ಫಾರ್ಮ್ಯಾಟ್ ಹೊಡೆಸಬೇಡಿ

ವಿಂಡೋಸ್‌ನ ತಿಂಗಳ ಅಪ್‌ಡೇಟ್ ಬರೋದು ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮ ಲೆಕ್ಕದಲ್ಲಿ ರಾತ್ರಿ ಹೊತ್ತು. ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿದರೆ ಚುಕ್ಕಿ ಸುತ್ತುತ್ತಲೇ ಇರುತ್ತೆ, ಇಲ್ಲಾ ನೀಲಿ ಪರದೆ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತೆ. ಸಿಪಿಯು ಹೊತ್ಕೊಂಡು ರಿಪೇರಿಗೆ ಹೋದರೆ ಸಿಗೋ ಉತ್ತರ, "ಫಾರ್ಮ್ಯಾಟ್ ಹೊಡೀಬೇಕು ಸಾರ್, ಡಿ ಡ್ರೈವ್‌ಗೆ ಏನೂ ಆಗಲ್ಲ."

ದಯವಿಟ್ಟು ಒಪ್ಪಬೇಡಿ. ಅಪ್‌ಡೇಟ್ ಕೆಡಿಸೋದು ಸಾಮಾನ್ಯವಾಗಿ ವಿಂಡೋಸ್‌ನ ಒಂದೆರಡು ಫೈಲನ್ನೋ, ಪ್ರಿಂಟರ್ ಥರದ ಸಾಧನ ನಡೆಸೋ ಪುಟ್ಟ ಸಾಫ್ಟ್‌ವೇರ್ ಆದ ಡ್ರೈವರನ್ನೋ. ನಿಮ್ಮ ಕೆಲಸದ ಫೈಲುಗಳು ಇದ್ದಲ್ಲೇ ಇರುತ್ತವೆ. ಅವನ್ನು ಅಳಿಸೋದು ಫಾರ್ಮ್ಯಾಟ್, ಅದು ಸಿ ಡ್ರೈವನ್ನು ಪೂರ್ತಿ ಒರೆಸುತ್ತೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಇರೋದು ಸಿ ಡ್ರೈವ್‌ನಲ್ಲೇ. ಮಾನಸಗಂಗೋತ್ರಿ ಸುತ್ತಮುತ್ತ ಥೀಸಿಸ್ ಟೈಪ್ ಮಾಡಿಕೊಡೋರು, ಮಂಡ್ಯ ಕೋರ್ಟ್ ಹತ್ತಿರ ಕ್ರಯಪತ್ರ ಟೈಪ್ ಮಾಡೋರು ಎಲ್ಲರೂ ಫೈಲ್ ಇಡೋದು ಡೆಸ್ಕ್‌ಟಾಪ್ ಮೇಲೇ.

ಮೊದಲು ಕಾಯಿರಿ. ಪರದೆ ಮೇಲೆ ಶೇಕಡಾ ಅಂಕಿ ಕಾಣ್ತಿದ್ದರೆ, ಡಿಸ್ಕ್ ಲೈಟ್ ಮಿನುಗ್ತಿದ್ದರೆ ಕೆಲಸ ಇನ್ನೂ ನಡೀತಿದೆ ಅಂತ. ಹಳೇ ಹಾರ್ಡ್‌ಡಿಸ್ಕ್ ಆದರೆ ಒಂದೇ ಅಂಕಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತೆ. ಅರ್ಧಕ್ಕೆ ಆಫ್ ಮಾಡಿದರೆ, ಕರೆಂಟ್ ಹೋದರೆ, ಸರಿ ಇದ್ದ ಅಪ್‌ಡೇಟೂ ಕೆಡುತ್ತೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಬದಲಾಯಿಸಿ.

ನಿಜವಾಗಿ ಕೆಟ್ಟಿದೆ ಅಂತ ಗೊತ್ತಾದರೆ, ವಿಂಡೋಸ್ ಲೋಗೋ ಬಂದ ತಕ್ಷಣ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಸಲ. ಮೂರನೇ ಸಲ ಆನ್ ಮಾಡಿ ಸುಮ್ಮನೆ ಬಿಡಿ, ರಿಕವರಿ ಪರದೆ ತೆರೆಯುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಕ್ವಾಲಿಟಿ ಅಪ್‌ಡೇಟ್ ಅಂದರೆ ತಿಂಗಳದ್ದು, ಮೊದಲು ಅದನ್ನೇ ತೆಗೆಯಿರಿ. ಫೀಚರ್ ಅಪ್‌ಡೇಟ್ ಅಂದರೆ ವರ್ಷಕ್ಕೊಮ್ಮೆ ಬರೋ ದೊಡ್ಡದು, ಅದನ್ನು ಹಿಂದಕ್ಕೆ ತೆಗೆಯೋಕೆ ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ಎರಡೂ ಆಗಲಿಲ್ಲ ಅಂದರೆ ವಿಂಡೋಸನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯೋ ಸಿಸ್ಟಮ್ ರಿಸ್ಟೋರ್ ನೋಡಿ.

ಅದೂ ಆಗದಿದ್ದರೆ ಫೈಲುಗಳನ್ನು ಹೊರಗೆ ತೆಗೆಯೋ ದಾರಿ ಅದೇ ಪರದೆಯಲ್ಲಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪೆನ್‌ಡ್ರೈವ್ ಚುಚ್ಚಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿರೋ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡೋ ಕಪ್ಪು ಕಿಟಕಿ) ತೆರೆದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್‌ನಲ್ಲಿ ಫೈಲ್, ಓಪನ್. ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಎಲ್ಲ ಫೈಲೂ ಕಾಣುತ್ತೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಪ್ರಗತಿಯ ಗೆರೆ ಬರಲ್ಲ, ಹೆಪ್ಪುಗಟ್ಟಿದ ಹಾಗೆ ಕಾಣುತ್ತೆ, ತಾಳ್ಮೆ ಇರಲಿ. ಡ್ರೈವ್‌ಗಳ ಅಕ್ಷರ ಇಲ್ಲಿ ಅದಲುಬದಲಾಗಿರಬಹುದು, ಸಿ ಖಾಲಿ ಕಂಡರೆ ಗಾಬರಿ ಬೇಡ, ಡಿ ನೋಡಿ.

2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಈ ರಿಕವರಿ ಪರದೆಯನ್ನೇ ಕೆಡಿಸಿತ್ತು. ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಅಲ್ಲಿ ಕೆಲಸ ಮಾಡ್ತಿರಲಿಲ್ಲ. ಹಳೇ ದುಂಡು ಪಿನ್ನಿನ ಕೀಬೋರ್ಡ್ ಇದ್ದೋರಿಗೆ ಮಾತ್ರ ನಡೀತಿತ್ತು. 20ನೇ ತಾರೀಖು ಮೈಕ್ರೋಸಾಫ್ಟ್ ಸರಿಪಡಿಸಿತು. ಅಷ್ಟು ದೊಡ್ಡ ಕಂಪನಿ, ಕೆಟ್ಟಾಗ ಕೈಹಿಡಿಯಬೇಕಾದ ಜಾಗವನ್ನೇ ಪರೀಕ್ಷೆ ಮಾಡದೆ ಬಿಟ್ಟಿದ್ದು ನನ್ನ ಪ್ರಕಾರ ಕ್ಷಮಿಸೋ ತಪ್ಪಲ್ಲ.

ಇನ್ನು ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಯಾರೂ ಓದದ ಹಾಗೆ ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ (ಎನ್‌ಕ್ರಿಪ್ಷನ್). ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಮಾಡಿದರೆ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗುತ್ತೆ. ರಿಕವರಿಗೆ ಹೋದಾಗ 48 ಅಂಕಿಯ ಕೀ ಕೇಳುತ್ತೆ. ಅದು ಇರೋದು ಆ ಖಾತೆಯಲ್ಲಿ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿ ಹುಡುಗ ಅವನ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ನಿಮ್ಮ ಕೀ ಅವನ ಖಾತೆಯಲ್ಲಿದೆ. ಕೀ ಇಲ್ಲದೆ ಫಾರ್ಮ್ಯಾಟ್ ಮಾಡಿಸಿದರೆ ಯಾವ ರಿಕವರಿ ಸಾಫ್ಟ್‌ವೇರೂ ಫೈಲ್ ವಾಪಸ್ ತರಲ್ಲ. ಇವತ್ತೇ ಕೀ ಹುಡುಕಿ ಕಾಗದದ ಮೇಲೆ ಬರೆದಿಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಸಾಫ್ಟ್‌ವೇರ್ ಕಂಪನಿಯ ತಪ್ಪು ಫೈಲಿಂದ ಸುಮಾರು 85 ಲಕ್ಷ ಕಂಪ್ಯೂಟರ್ ಬಿದ್ದಾಗ ಪರಿಹಾರ ಸೇಫ್ ಮೋಡ್‌ನಲ್ಲಿ (ಅತ್ಯಗತ್ಯವಾದದ್ದಷ್ಟೇ ಹಾಕಿ ವಿಂಡೋಸ್ ತೆರೆಯೋ ರೀತಿ) ಒಂದೇ ಒಂದು ಫೈಲ್ ಅಳಿಸೋದಾಗಿತ್ತು, ಫಾರ್ಮ್ಯಾಟ್ ಅಲ್ಲ. ಎಷ್ಟೋ ಕಡೆ ಕೆಲಸ ನಿಂತಿದ್ದು ಈ ಕೀ ಸಿಗದೆ.

ಇದನ್ನೆಲ್ಲ ಓದಿ ಅಪ್‌ಡೇಟನ್ನೇ ಶಾಶ್ವತವಾಗಿ ಆಫ್ ಮಾಡಿಸಬೇಡಿ. 2017ರ ಮೇ ತಿಂಗಳ ವಾನಾಕ್ರೈ ದಾಳಿಗೆ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವೈರಸ್) ಮದ್ದಾದ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದೋರು ಸಿಕ್ಕಿಬಿದ್ದರು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಒಂದು ವಾರ 'ಪಾಜ್' (Pause) ಮಾಡಿ, ಅಂದರೆ ತಡೆಹಿಡಿಯಿರಿ. ಕೆಟ್ಟದ್ದು ಏನಿದ್ದರೂ ಅಷ್ಟರೊಳಗೆ ಸಾಮಾನ್ಯವಾಗಿ ಬಯಲಾಗುತ್ತೆ.

ಎಲ್ಲ ಮಾಡಿಯೂ ಫಾರ್ಮ್ಯಾಟೇ ಗತಿ ಅಂತಾದರೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಸಿ, ಕಣ್ಣೆದುರೇ ಒಂದೆರಡು ಫೈಲ್ ತೆರೆಸಿ ನೋಡಿ. ಡಿಟಿಪಿಯವರು (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸೋರು) ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಬಿಡಬೇಡಿ. 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟುಗಳು ಹೋದರೆ ಪುಟ ಜೋಡಿಸೋ ಪೇಜ್‌ಮೇಕರ್‌ನಲ್ಲಿರೋ ಲಗ್ನಪತ್ರಿಕೆಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ತವೆ.